ಪಾಡ್‌ಕಾಸ್ಟ್: ಕ್ಯಾನ್ಸರ್ ಗೆದ್ದ ಮಕ್ಕಳ ಹಲ್ಲು ಯಾಕೆ ಸರಿಯಾಗಿ ಬರಲ್ಲ?

(ಮಕ್ಕಳ ದಂತವೈದ್ಯರೊಬ್ಬರ ಮಾತಿನ ಪಠ್ಯರೂಪ ಇದು. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ನಾನು ಮಕ್ಕಳ ಹಲ್ಲಿನ ಡಾಕ್ಟರ್. ಬಸ್ಸಲ್ಲೋ ಮೆಟ್ರೋದಲ್ಲೋ ಇಯರ್‌ಫೋನ್ ಹಾಕಿಕೊಂಡು ಕೇಳ್ತಾ ಇರೋರಿಗೆ ಇವತ್ತಿನ ವಿಷಯ ಸ್ವಲ್ಪ ದೂರದ್ದು ಅನ್ನಿಸಬಹುದು. ಚಿಕ್ಕ ವಯಸ್ಸಿನಲ್ಲಿ ಕ್ಯಾನ್ಸರ್ ಬಂದು, ಚಿಕಿತ್ಸೆ ಆಗಿ, ಪೂರ್ತಿ ಗುಣವಾದ ಮಕ್ಕಳಿದ್ದಾರೆ. ಅವರಲ್ಲಿ ಹಲವರಿಗೆ ಐದು ವರ್ಷ, ಹತ್ತು ವರ್ಷ ಕಳೆದ ಮೇಲೆ ಹಲ್ಲಿನ ತೊಂದರೆ ಕಾಣಿಸಿಕೊಳ್ಳುತ್ತೆ. ಕೆಲವು ಹಲ್ಲು ಬರೋದೇ ಇಲ್ಲ, ಕೆಲವು ಪುಟ್ಟದಾಗಿ ಬರುತ್ತವೆ. ಇನ್ನು ಕೆಲವು ನೋಡೋಕೆ ಚೆನ್ನಾಗೇ ಇರುತ್ತವೆ, ಆದರೆ ಬೇರು ಗಿಡ್ಡ. ಹೀಗೆ ಯಾಕಾಗುತ್ತೆ, ಏನು ಮಾಡಬಹುದು ಅನ್ನೋದನ್ನ ಇವತ್ತು ಮಾತಾಡೋಣ.

ಇದನ್ನು ಕೇಳ್ತಿರೋರಲ್ಲಿ ಕೆಲವರ ಮನೆಯಲ್ಲಿ ಈಗ ಒಂದು ಮಗುವಿಗೆ ಕೀಮೋ ನಡೀತಾ ಇರಬಹುದು. ಕೆಲವರ ಅಕ್ಕನ ಮಗನಿಗೋ ಪಕ್ಕದ ಮನೆ ಮಗುವಿಗೋ ಚಿಕಿತ್ಸೆ ಆಗಿರಬಹುದು. ಇನ್ನು ಕೆಲವರು ನೀವೇ ಆಗಿರಬಹುದು. ಮೂರನೇ ವಯಸ್ಸಿಗೋ ನಾಲ್ಕನೇ ವಯಸ್ಸಿಗೋ ಬ್ಲಡ್ ಕ್ಯಾನ್ಸರ್ ಆಗಿತ್ತು ಅಂತ ಅಪ್ಪ ಅಮ್ಮ ಹೇಳಿದ್ದು ಬಿಟ್ಟರೆ ಬೇರೇನೂ ನೆನಪಿಲ್ಲದೆ, ಈಗ ಕಾಲೇಜಿಗೆ ಅಥವಾ ಕೆಲಸಕ್ಕೆ ಹೋಗ್ತಾ ಇರೋರು. ಇವತ್ತಿನ ಮಾತು ಮುಖ್ಯವಾಗಿ ನಿಮಗೆ.

ಮೊದಲೇ ಒಂದು ವಿಷಯ ಸ್ಪಷ್ಟ ಮಾಡ್ತೀನಿ. ಹಲ್ಲು ಹಾಳಾಗುತ್ತೆ ಅಂತ ಯಾರೂ ಮಗುವಿನ ಕೀಮೋ ನಿಲ್ಲಿಸಬಾರದು, ಮುಂದಕ್ಕೆ ಹಾಕಬಾರದು. ಜೀವ ಮೊದಲು. ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಪ್ರಕಾರ ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ ಶೇ 80ಕ್ಕಿಂತ ಹೆಚ್ಚು ಮಂದಿ ಗುಣವಾಗ್ತಾರೆ. ನಮ್ಮಲ್ಲೂ ಒಳ್ಳೆ ಆಸ್ಪತ್ರೆಗೆ ಬೇಗ ಹೋಗಿ, ಚಿಕಿತ್ಸೆಯನ್ನು ಪೂರ್ತಿ ಮುಗಿಸಿದ ಮಕ್ಕಳು ಬಹಳ ಜನ ಚೆನ್ನಾಗಿದ್ದಾರೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ 50 ವರ್ಷ ದಾಟಿದೆ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ, ಚಿಕಿತ್ಸೆ ಮುಗಿಸಿದ ಮಕ್ಕಳನ್ನು ಮುಂದೆಯೂ ನೋಡಿಕೊಳ್ಳೋಕೆ ಅಂತಲೇ 1991ರಲ್ಲಿ ಒಂದು ಕ್ಲಿನಿಕ್ ಶುರುವಾಯಿತು. ಹಿಂದೆ ಬದುಕೋದೇ ಕಷ್ಟ ಇದ್ದಾಗ ಹಲ್ಲಿನ ಬಗ್ಗೆ ಕೇಳೋರು ಯಾರೂ ಇರಲಿಲ್ಲ. ಈಗ ಮಕ್ಕಳು ಬದುಕ್ತಾ ಇದ್ದಾರೆ, ದೊಡ್ಡವರಾಗ್ತಾ ಇದ್ದಾರೆ. ಅದಕ್ಕೇ ಈ ಪ್ರಶ್ನೆಗಳು ಬರ್ತಾ ಇವೆ.

ಹಲ್ಲು ಹುಟ್ಟೋದು ಯಾವಾಗ?

ಹಲ್ಲು ವಸಡು ಸೀಳಿಕೊಂಡು ಹೊರಗೆ ಬಂದ ದಿನ ಹುಟ್ಟಿತು ಅಂತ ನಾವು ಅಂದುಕೊಳ್ತೀವಿ. ನಿಜವಾಗಿ ಅದರ ಕೆಲಸ ಎಷ್ಟೋ ವರ್ಷ ಮೊದಲೇ ದವಡೆಯ ಒಳಗೆ ಶುರುವಾಗಿರುತ್ತೆ. ಹಾಲುಹಲ್ಲಿನ ಮೊಳಕೆ ತಾಯಿಯ ಹೊಟ್ಟೆಯಲ್ಲಿ ಇರುವಾಗಲೇ, ಸುಮಾರು ಆರನೇ ವಾರಕ್ಕೇ ಶುರು. ಆರು ವರ್ಷಕ್ಕೆ ಹೊರಗೆ ಕಾಣೋ ಮೊದಲ ಶಾಶ್ವತ ದವಡೆಹಲ್ಲು ಗಟ್ಟಿಯಾಗೋಕೆ ಶುರುವಾಗೋದು ಮಗು ಹುಟ್ಟುವ ಹೊತ್ತಿಗೆ. ಮುಂದಿನ ಬಾಚಿಹಲ್ಲುಗಳದ್ದು ಮೊದಲ ವರ್ಷದಲ್ಲಿ. ಕೋರೆಹಲ್ಲಿನ ಹಿಂದೆ ಎರಡು ಹಲ್ಲು ಬರುತ್ತಲ್ಲ, ಪ್ರೀಮೋಲಾರ್ ಅಂತೀವಿ, ಅವು ಶುರುವಾಗೋದು ಒಂದೂವರೆಯಿಂದ ಎರಡೂವರೆ ವರ್ಷದೊಳಗೆ. ಎರಡನೇ ದವಡೆಹಲ್ಲು ಎರಡೂವರೆ, ಮೂರು ವರ್ಷಕ್ಕೆ. ಬುದ್ಧಿಹಲ್ಲು ಏಳರಿಂದ ಹತ್ತು ವರ್ಷದ ಒಳಗೆ.

ಹಲ್ಲಿನ ಮೇಲ್ಭಾಗ ಮೊದಲು ತಯಾರಾಗುತ್ತೆ. ಬೇರು ಆಮೇಲೆ. ಹಲ್ಲು ಬಾಯಲ್ಲಿ ಕಾಣಿಸಿಕೊಂಡ ಮೇಲೂ ಎರಡು ಮೂರು ವರ್ಷ ಬೇರು ಬೆಳೀತಾ ಇರುತ್ತೆ. ಅಂದರೆ ಎರಡು ವರ್ಷದ ಮಗುವಿನ ಬಾಯಿ ತೆರೆಸಿದರೆ ನಿಮಗೆ ಕಾಣೋದು ಹಾಲುಹಲ್ಲು ಮಾತ್ರ. ಆದರೆ ಅದೇ ದವಡೆಯೊಳಗೆ ಮುಂದೆ ಜೀವನಪೂರ್ತಿ ಬೇಕಾದ ಹಲ್ಲುಗಳ ಕೆಲಸ ನಡೀತಾ ಇರುತ್ತೆ.

ಈ ಕೆಲಸ ಮಾಡೋದು ಎರಡು ಬಗೆಯ ಜೀವಕೋಶಗಳು. ಒಂದು ಗುಂಪು ಹೊರಗಿನ ಗಟ್ಟಿ ಪದರ ಎನಾಮಲ್ ಕಟ್ಟುತ್ತೆ. ಇನ್ನೊಂದು ಗುಂಪು ಅದರ ಒಳಗಿನ ಡೆಂಟಿನ್ ಕಟ್ಟುತ್ತೆ, ಬೇರು ಹೆಚ್ಚಾಗಿ ಅದರದ್ದೇ. ಮನೆ ಕಟ್ಟೋ ಮೇಸ್ತ್ರಿಗಳು ಅಂತ ಇಟ್ಕೊಳ್ಳಿ. ಡೆಂಟಿನ್ ಮೇಸ್ತ್ರಿಗಳು ಹಲ್ಲು ಬದುಕಿರೋವರೆಗೂ ಒಳಗೇ ಇರ್ತಾರೆ, ಸಣ್ಣಪುಟ್ಟ ರಿಪೇರಿ ಮಾಡ್ತಾರೆ. ಎನಾಮಲ್ ಮೇಸ್ತ್ರಿಗಳು ಹಾಗಲ್ಲ. ಕೆಲಸ ಮುಗಿಸಿ, ಹಲ್ಲು ಹೊರಬರುವ ಹೊತ್ತಿಗೆ ಇಲ್ಲವಾಗ್ತಾರೆ. ಮತ್ತೆ ಕರೆದರೂ ಬರಲ್ಲ. ಚರ್ಮ ಕೊಯ್ದರೆ ಕೂಡುತ್ತೆ, ಕೀಮೋದಲ್ಲಿ ಉದುರಿದ ಕೂದಲು ಮತ್ತೆ ಬೆಳೆಯುತ್ತೆ. ಎನಾಮಲ್‌ನಲ್ಲಿ ಆದ ಕೊರತೆ ಮಾತ್ರ ಹಾಗೇ ಉಳಿಯುತ್ತೆ.

ಕೀಮೋ ಅಲ್ಲಿ ಏನು ಮಾಡುತ್ತೆ?

ಕೀಮೋ ಔಷಧಿಗಳ ಕೆಲಸ ವೇಗವಾಗಿ ಬೆಳೆಯೋ ಜೀವಕೋಶಗಳನ್ನು ತಡೆಯೋದು. ಕ್ಯಾನ್ಸರ್ ಕೋಶಗಳು ವೇಗವಾಗಿ ಬೆಳೆಯುತ್ತವೆ. ಆದರೆ ಕೂದಲಿನ ಬುಡ, ಬಾಯಿಯ ಒಳಪದರ, ರಕ್ತ ತಯಾರಾಗೋ ಮಜ್ಜೆ, ಇವೂ ವೇಗವಾಗಿ ಬೆಳೆಯುತ್ತವೆ. ಅದಕ್ಕೇ ಕೂದಲು ಉದುರೋದು, ಬಾಯಿ ಹುಣ್ಣಾಗೋದು, ಬ್ಲಡ್ ಕೌಂಟ್ ಕಡಿಮೆಯಾಗೋದು. ಇದು ಎಲ್ಲರಿಗೂ ಕಾಣುತ್ತೆ. ದವಡೆಯೊಳಗಿನ ಹಲ್ಲಿನ ಮೊಳಕೆಗೂ ಅದೇ ಔಷಧಿ ತಲುಪುತ್ತೆ. ಅದು ಮಾತ್ರ ಆಗ ಯಾರಿಗೂ ಕಾಣಲ್ಲ.

ಒಂದು ಉದಾಹರಣೆ ಹೇಳ್ತೀನಿ. ವಿನ್‌ಕ್ರಿಸ್ಟಿನ್ ಅಂತ ಒಂದು ಔಷಧಿ. ಮಕ್ಕಳ ಬ್ಲಡ್ ಕ್ಯಾನ್ಸರ್‌ಗೆ ಇದು ಬಹಳ ಮುಖ್ಯ, 1960ರ ದಶಕದಿಂದ ಬಳಕೆಯಲ್ಲಿದೆ. ಇದು ಬಂದದ್ದು ನಮ್ಮ ಮನೆ ಕಾಂಪೌಂಡುಗಳಲ್ಲಿ ಬೆಳೆಯೋ ನಿತ್ಯಪುಷ್ಪ ಗಿಡದಿಂದ. ಪ್ರತಿ ಜೀವಕೋಶದ ಒಳಗೂ ರೈಲು ಹಳಿಗಳ ಥರ ಸಣ್ಣ ಸಣ್ಣ ನಳಿಕೆಗಳಿರುತ್ತವೆ. ಕೋಶ ಎರಡಾಗಿ ಒಡೆಯೋಕೂ ಅವು ಬೇಕು, ಒಳಗೆ ತಯಾರಾದ ಸರಕನ್ನು ಹೊರಗೆ ಸಾಗಿಸೋಕೂ ಅವು ಬೇಕು. ವಿನ್‌ಕ್ರಿಸ್ಟಿನ್ ಈ ಹಳಿಗಳು ಜೋಡಣೆಯಾಗೋದನ್ನೇ ತಡೆಯುತ್ತೆ. ಕ್ಯಾನ್ಸರ್ ಕೋಶ ಸಾಯುತ್ತೆ, ನಮಗೆ ಬೇಕಾಗಿದ್ದೂ ಅದೇ. ಆದರೆ ಹಲ್ಲು ಕಟ್ಟೋ ಕೋಶಗಳ ಕೆಲಸವೇ ಸರಕು ಸಾಗಿಸೋದು. ಹಳಿ ನಿಂತರೆ ಅವೂ ನಿಲ್ಲುತ್ತವೆ.

ಲಾಕ್‌ಡೌನ್ ಸಮಯದಲ್ಲಿ ಅರ್ಧಕ್ಕೆ ನಿಂತ ಕಟ್ಟಡಗಳನ್ನು ನೀವು ನೋಡಿರ್ತೀರಿ. ಪಾಯದ ಹಂತದಲ್ಲಿದ್ದದ್ದು ಕೆಲವು ಕಡೆ ಮೇಲೇಳಲೇ ಇಲ್ಲ. ಗೋಡೆ ಎದ್ದಿದ್ದ ಕಟ್ಟಡದಲ್ಲಿ ಪ್ಲಾಸ್ಟರ್ ಕೆಲಸ ಕೆಟ್ಟಿತು. ಮುಗಿದಿದ್ದ ಮನೆಗೆ ಏನೂ ಆಗಲಿಲ್ಲ. ಹಲ್ಲಿನ ಕಥೆಯೂ ಅಷ್ಟೇ. ಚಿಕಿತ್ಸೆ ನಡೆದ ದಿನಗಳಲ್ಲಿ ಯಾವ ಹಲ್ಲು ಯಾವ ಹಂತದಲ್ಲಿತ್ತು ಅನ್ನೋದೇ ಮುಖ್ಯ.

ಎರಡು ವರ್ಷದ ಮಗುವಿಗೆ ಚಿಕಿತ್ಸೆ ಆಯಿತು ಅಂತ ಇಟ್ಕೊಳ್ಳಿ. ಆ ಹೊತ್ತಿಗೆ ಪ್ರೀಮೋಲಾರ್ ಮತ್ತು ಎರಡನೇ ದವಡೆಹಲ್ಲು ಇನ್ನೂ ಪಾಯದಲ್ಲೇ ಇರುತ್ತವೆ. ಅವು ಹುಟ್ಟದೇ ಹೋಗಬಹುದು, ಅಥವಾ ತುಂಬಾ ಚಿಕ್ಕದಾಗಿ ಬರಬಹುದು. ಅಷ್ಟೊತ್ತಿಗೆ ಅರ್ಧ ಆಗಿದ್ದ ಬಾಚಿಹಲ್ಲುಗಳ ಎನಾಮಲ್‌ನಲ್ಲಿ ಗುಳಿ, ಗೆರೆ, ಬಿಳಿ ಅಥವಾ ಕಂದು ಮಚ್ಚೆ ಬೀಳಬಹುದು. ಆರು ವರ್ಷದ ಮಗುವಾದರೆ ಮುಂದಿನ ಹಲ್ಲುಗಳ ಮೇಲ್ಭಾಗ ಮುಗಿದಿರುತ್ತೆ, ಬೇರು ಬೆಳೀತಾ ಇರುತ್ತೆ. ಆ ಮಗುವಿನ ಹಲ್ಲು ಹೊರಗೆ ಲಕ್ಷಣವಾಗೇ ಕಾಣುತ್ತೆ, ಒಳಗೆ ಬೇರು ಮಾತ್ರ ಗಿಡ್ಡ, ತುದಿ ಚೂಪು. ಹನ್ನೆರಡು ಹದಿಮೂರಕ್ಕೆ ಚಿಕಿತ್ಸೆ ಆದವರಿಗೆ ಈ ಬಗೆಯ ತೊಂದರೆ ಕಡಿಮೆ. ಒಟ್ಟಿನಲ್ಲಿ ಐದು ವರ್ಷದೊಳಗೆ ಚಿಕಿತ್ಸೆ ಆದ ಮಕ್ಕಳಿಗೆ ಅಪಾಯ ಹೆಚ್ಚು.

ಔಷಧಿಯ ಪ್ರಮಾಣವೂ ಲೆಕ್ಕಕ್ಕೆ ಬರುತ್ತೆ. ಸೈಕ್ಲೋಫಾಸ್ಫಮೈಡ್ ಎಂಬ ಔಷಧಿ ಹೆಚ್ಚು ಪ್ರಮಾಣದಲ್ಲಿ ಹೋದಷ್ಟೂ ಹಲ್ಲಿನ ದೋಷ ಹೆಚ್ಚು ಅಂತ ಅಧ್ಯಯನಗಳು ತೋರಿಸಿವೆ.

ರೇಡಿಯೇಷನ್ ಲೆಕ್ಕವೇ ಬೇರೆ

ಕೀಮೋ ರಕ್ತದಲ್ಲಿ ಸೇರಿ ಇಡೀ ದೇಹಕ್ಕೆ ಹೋಗುತ್ತೆ, ಹಾಗಾಗಿ ದೋಷ ಸಾಮಾನ್ಯವಾಗಿ ಎಡ ಬಲ ಎರಡೂ ಕಡೆ ಕಾಣುತ್ತೆ. ರೇಡಿಯೇಷನ್ ಎಲ್ಲಿ ಬಿತ್ತೋ ಅಲ್ಲೇ ಪರಿಣಾಮ. ಕಣ್ಣಿನ ಸುತ್ತ, ಕೆನ್ನೆಯಲ್ಲಿ, ಗಂಟಲಲ್ಲಿ, ಕುತ್ತಿಗೆಯಲ್ಲಿ ಗಡ್ಡೆ ಆಗಿದ್ದ ಮಕ್ಕಳಿಗೆ ರೇಡಿಯೇಷನ್ ಕೊಟ್ಟಾಗ ದವಡೆಯ ಒಂದು ಭಾಗವೂ ಅದರ ದಾರಿಯಲ್ಲಿ ಬರಬಹುದು. ಬೋನ್ ಮ್ಯಾರೋ ಕಸಿಗೆ ಮುಂಚೆ ಕೆಲವು ಮಕ್ಕಳಿಗೆ ಇಡೀ ದೇಹಕ್ಕೆ ರೇಡಿಯೇಷನ್ ಕೊಡ್ತಾರೆ.

ರೇಡಿಯೇಷನ್ ಅಳೆಯೋದು ಗ್ರೇ ಎಂಬ ಮಾಪನದಲ್ಲಿ. 10 ಗ್ರೇ ತಲುಪಿದರೆ ಎನಾಮಲ್ ಕಟ್ಟೋ ಕೋಶಗಳಿಗೆ ಶಾಶ್ವತ ಹಾನಿ ಆಗಬಹುದು. 30 ಗ್ರೇ ಹೊತ್ತಿಗೆ ಬೆಳೆಯುತ್ತಿದ್ದ ಹಲ್ಲು ಅಲ್ಲಿಗೇ ನಿಂತುಬಿಡಬಹುದು. ಹಲ್ಲಷ್ಟೇ ಅಲ್ಲ, ದವಡೆ ಮೂಳೆಯ ಬೆಳವಣಿಗೆಯೂ ಕುಂಠಿತವಾಗುತ್ತೆ, ಮುಖದ ಒಂದು ಬದಿ ಚಿಕ್ಕದಾಗಿ ಕಾಣಬಹುದು. ಲಾಲಾರಸದ ಗ್ರಂಥಿಗೆ ಪೆಟ್ಟಾದರೆ ಬಾಯಿ ಒಣಗುತ್ತೆ. ಒಣ ಚಪಾತಿ ನುಂಗೋಕೆ ಪ್ರತಿ ತುತ್ತಿಗೂ ನೀರು ಬೇಕಾಗುತ್ತೆ. ಲಾಲಾರಸ ಕಡಿಮೆ ಆದರೆ ಹುಳುಕು ಬಹಳ ಬೇಗ ಹರಡುತ್ತೆ, ಯಾಕಂದರೆ ಆಮ್ಲವನ್ನು ತೊಳೆದು ಹಲ್ಲು ಕಾಪಾಡೋದೇ ಲಾಲಾರಸ.

ಅಮೆರಿಕ ಮತ್ತು ಕೆನಡಾದಲ್ಲಿ, ಬಾಲ್ಯದ ಕ್ಯಾನ್ಸರ್‌ನಿಂದ ಗುಣವಾದವರನ್ನು ದಶಕಗಳಿಂದ ಗಮನಿಸುತ್ತಿರುವ ಒಂದು ದೊಡ್ಡ ಅಧ್ಯಯನ ಇದೆ. 1970ರಿಂದ 1986ರ ನಡುವೆ ಕಾಯಿಲೆ ಪತ್ತೆಯಾದವರು ಅದರ ಮೊದಲ ತಂಡ. 2009ರಲ್ಲಿ ಅದರ ಹಲ್ಲಿನ ವರದಿ ಬಂತು. ಗುಣವಾದ 9,000ಕ್ಕೂ ಹೆಚ್ಚು ಜನರನ್ನು, ಅಂಥವರ ಒಡಹುಟ್ಟಿದವರಲ್ಲಿ ಸುಮಾರು 3,000 ಜನರೊಂದಿಗೆ ಹೋಲಿಸಿ ನೋಡಿದರು. ಒಡಹುಟ್ಟಿದವರನ್ನೇ ಯಾಕೆ ತಗೊಂಡರು? ಕ್ಯಾನ್ಸರ್ ಇಲ್ಲದವರಲ್ಲೂ ಕೆಲವರಿಗೆ ಒಂದೆರಡು ಹಲ್ಲು ಹುಟ್ಟೋದೇ ಇಲ್ಲ, ಅದು ವಂಶದಲ್ಲಿ ಬರುತ್ತೆ. ಒಂದೇ ಮನೆಯ ಊಟ, ಒಂದೇ ವಂಶ ಇರೋರ ಜೊತೆ ಹೋಲಿಸಿದರೆ ವ್ಯತ್ಯಾಸ ಚಿಕಿತ್ಸೆಯದ್ದೇ ಅಂತ ಹೇಳೋದು ಸುಲಭ. ಫಲಿತಾಂಶ ಏನು ಬಂತು? ಚಿಕ್ಕ ಹಲ್ಲು, ಇಲ್ಲದ ಹಲ್ಲು, ಬೇರಿನ ದೋಷ, ಎನಾಮಲ್ ದೋಷ, ಒಣ ಬಾಯಿ, ಎಲ್ಲವೂ ಗುಣವಾದವರಲ್ಲೇ ಹೆಚ್ಚು. ಹಲ್ಲಿನ ಭಾಗಕ್ಕೆ 20 ಗ್ರೇ ಅಥವಾ ಹೆಚ್ಚು ರೇಡಿಯೇಷನ್ ತಗುಲಿದವರಲ್ಲಿ ಹಲ್ಲಿನ ದೋಷದ ಅಪಾಯ ಸುಮಾರು ಐದು ಪಟ್ಟು.

ಬೈಸಿಕೊಳ್ಳೋದು ಮಗು

ಈಗ ನಮ್ಮ ಕ್ಲಿನಿಕ್ ಕುರ್ಚಿಯಲ್ಲಿ ಇದು ಹೇಗೆ ಕಾಣುತ್ತೆ ಅಂತ ಹೇಳ್ತೀನಿ.

ಹನ್ನೆರಡು ವರ್ಷದ ಹುಡುಗ. ಅಜ್ಜಿ ಜೊತೆ ಬಂದಿದ್ದ. ಕ್ಲಾಸಲ್ಲಿ ಎಲ್ಲರಿಗೂ ಹಲ್ಲು ಬಿದ್ದು ಹೊಸ ಹಲ್ಲು ಬಂದಿದೆ, ಇವನ ಹಾಲುಹಲ್ಲು ಅಲ್ಲಾಡೋದೂ ಇಲ್ಲ. "ಡಾಕ್ಟ್ರೇ, ಈ ಹಳೇ ಹಲ್ಲು ಕಿತ್ತಾಕಿ, ಹೊಸದು ಬರೋಕೆ ಜಾಗ ಆಗ್ಲಿ" ಅಂದ್ರು ಅಜ್ಜಿ. ಮುಂದಿನ ಹಲ್ಲುಗಳ ಮೇಲೆ ಕಂದು ಗುಳಿಗಳಿದ್ದವು. "ಎಷ್ಟು ಹೇಳಿದ್ರೂ ಸರಿಯಾಗಿ ಹಲ್ಲುಜ್ಜಲ್ಲ ಇವ್ನು. ಬರೀ ಚಾಕೊಲೇಟು" ಅಂತ ಬೈದರು. ಹುಡುಗ ಬಾಯಿ ಮುಚ್ಚಿಕೊಂಡು ಕೂತಿದ್ದ.

ಮುಂಚೆ ಏನಾದರೂ ದೊಡ್ಡ ಕಾಯಿಲೆ ಆಗಿತ್ತಾ ಅಂತ ಕೇಳಿದೆ. "ಏನಿಲ್ಲ" ಅಂದ್ರು. ಆಸ್ಪತ್ರೆಯಲ್ಲಿ ಬಹಳ ದಿನ ಅಡ್ಮಿಟ್ ಆಗಿದ್ನಾ, ತಲೆಕೂದಲು ಉದುರೋ ಥರ ಔಷಧಿ ಏನಾದ್ರೂ ಕೊಟ್ಟಿದ್ರಾ ಅಂತ ಕೇಳಿದಾಗ ಅಜ್ಜಿ ಹುಡುಗನನ್ನು ಒಮ್ಮೆ ನೋಡಿ, ಹೊರಗೆ ಕೂತ್ಕೋ ಪುಟ್ಟ ಅಂತ ಕಳಿಸಿದರು. ಆಮೇಲೆ ಮೆಲ್ಲಗೆ ಹೇಳಿದರು. ಎರಡೂವರೆ ವರ್ಷ ಇದ್ದಾಗ ಬ್ಲಡ್ ಕ್ಯಾನ್ಸರ್. ಪೂರ್ತಿ ವಾಸಿಯಾಗಿದೆ. ಹುಡುಗನಿಗೆ ಗೊತ್ತಿಲ್ಲ, ಊರಲ್ಲೂ ಯಾರಿಗೂ ಹೇಳಿಲ್ಲ.

ಎಕ್ಸ್‌ರೇ ತೆಗೆದೆವು. ಆ ಹಾಲುಹಲ್ಲಿನ ಕೆಳಗೆ ಹೊಸ ಹಲ್ಲು ಇರಲೇ ಇಲ್ಲ. ಕಿತ್ತಿದ್ದರೆ ಅಲ್ಲಿ ಖಾಲಿ ಜಾಗ ಅಷ್ಟೇ ಉಳೀತಿತ್ತು. ಕೆಳಗೆ ಹಲ್ಲಿಲ್ಲದ ಹಾಲುಹಲ್ಲನ್ನು ಚೆನ್ನಾಗಿ ನೋಡಿಕೊಂಡರೆ ಅದು ಎಷ್ಟೋ ವರ್ಷ ಕೆಲಸ ಮಾಡುತ್ತೆ, ಕೆಲವರಿಗೆ ವಯಸ್ಕರಾದ ಮೇಲೂ. ಕಂದು ಗುಳಿಗಳು ಚಾಕೊಲೇಟ್‌ನಿಂದ ಬಂದದ್ದಲ್ಲ. ಆ ಹಲ್ಲು ಹೊರಗೆ ಬರೋ ಮೊದಲೇ ಹಾಗಿತ್ತು. ಅಜ್ಜಿಗೆ ಇದನ್ನ ಹೇಳಿದಾಗ ಅವರ ಕಣ್ಣಲ್ಲಿ ನೀರು ಬಂತು. "ಸುಮ್ನೆ ಬೈದ್ಬಿಟ್ನಲ್ಲ ಡಾಕ್ಟ್ರೇ ಅವನ್ನ" ಅಂದ್ರು.

ಇಂಥ ಮನೆಗಳು ಒಂದೆರಡಲ್ಲ. ಮುಚ್ಚಿಡೋದಕ್ಕೆ ಕಾರಣ ನನಗೆ ಅರ್ಥವಾಗುತ್ತೆ. ಮುಂದೆ ಮದುವೆ ಮಾತು ಬಂದಾಗ ತೊಂದರೆ ಆಗಬಾರದು, ಅದರಲ್ಲೂ ಹೆಣ್ಣುಮಗು ಆದರೆ ಇನ್ನೂ ಹೆದರಿಕೆ. ಶಾಲೆಯಲ್ಲಿ ಬೇರೆ ಮಕ್ಕಳು ದೂರ ಇಡಬಾರದು. ಮಗು ಹೆದರಬಾರದು. ಕ್ಯಾನ್ಸರ್ ಅಂಟುರೋಗ ಅಂತ ನಂಬೋರು ಇನ್ನೂ ಇದ್ದಾರೆ. ಹಾಗಾಗಿ ಫೈಲು ಬೀರುವಿನ ಮೇಲೆ ಹೋಗುತ್ತೆ, ಮನೆ ಬದಲಾಯಿಸುವಾಗ ಕಳೆದೂ ಹೋಗುತ್ತೆ. ನೆಂಟರಿಗೆ ಹೇಳಬೇಕೋ ಬೇಡವೋ ನಿಮ್ಮ ಇಷ್ಟ. ಆದರೆ ಡೆಂಟಿಸ್ಟ್‌ಗೆ ಹೇಳದೇ ಇದ್ದರೆ ಕೀಳಬಾರದ ಹಲ್ಲು ಕಿತ್ತು ಹೋಗುತ್ತೆ. ಗಿಡ್ಡ ಬೇರಿನ ಹಲ್ಲಿಗೆ ಜೋರಾಗಿ ತಂತಿ ಬಿಗಿದು ಹಲ್ಲು ಸಡಿಲವಾಗುತ್ತೆ. ದವಡೆಗೆ ಹೆಚ್ಚು ರೇಡಿಯೇಷನ್ ಆಗಿದ್ದವರಿಗೆ ಹಲ್ಲು ಕಿತ್ತರೆ ಗಾಯ ಮಾಯದೆ ಮೂಳೆಯೇ ಕೊಳೆಯೋ ಸಾಧ್ಯತೆ ಇರುತ್ತೆ. ಕೀಮೋದ ಕೆಲವು ಔಷಧಿಗಳು ಹೃದಯದ ಮೇಲೂ ಪರಿಣಾಮ ಬೀರುತ್ತವೆ, ಹಲ್ಲಿಗೆ ಅನಸ್ತೇಶಿಯಾ ಕೊಡೋ ಮುಂಚೆ ಅದು ಗೊತ್ತಿರಬೇಕು. ನೀವು ಡಾಕ್ಟರ್‌ಗೆ ಹೇಳಿದ್ದು ಡಾಕ್ಟರ್ ಹತ್ತಿರವೇ ಇರಬೇಕು, ಅದು ನಿಮ್ಮ ಹಕ್ಕು.

ಏನು ಮಾಡಬೇಕು?

ಮೊದಲು, ಈಗಷ್ಟೇ ಕಾಯಿಲೆ ಪತ್ತೆಯಾದ ಮಗು. ಆಗ ಮನೆಯಲ್ಲಿ ಯಾರಿಗೂ ತಲೆ ಓಡಲ್ಲ, ಹಲ್ಲಿನ ಬಗ್ಗೆ ಯೋಚನೆ ಮಾಡಿ ಅಂದ್ರೆ ಸಿಟ್ಟೇ ಬರಬಹುದು. ಆದರೂ ಕ್ಯಾನ್ಸರ್ ಡಾಕ್ಟರ್‌ಗೆ ಒಂದು ಮಾತು ಕೇಳಿ: "ಚಿಕಿತ್ಸೆ ಶುರುವಾಗೋ ಮೊದಲು ಹಲ್ಲು ತೋರಿಸೋಕೆ ಆಗುತ್ತಾ?" ಹಾಲುಹಲ್ಲು ತಾನೇ, ಬಿದ್ದು ಹೋಗುತ್ತೆ ಅಂತ ಬಿಡಬೇಡಿ. ಹುಳುಕು ಹಲ್ಲಿನಲ್ಲಿ ಕೀವು ಇದ್ದರೆ, ಕೌಂಟ್ ಕುಸಿದಾಗ ಅದೇ ಜ್ವರಕ್ಕೆ, ರಕ್ತದ ಸೋಂಕಿಗೆ ದಾರಿ ಆಗಬಹುದು. ಕೀಳೋ ಹಾಗಿದ್ದರೆ ಗಾಯ ಮಾಯೋಕೆ ಸಮಯ ಬೇಕು. ಬ್ಲಡ್ ಕ್ಯಾನ್ಸರ್‌ನಲ್ಲಿ ಕೆಲವೊಮ್ಮೆ ಅಷ್ಟು ಸಮಯ ಇರಲ್ಲ. ಆಗ ಕ್ಯಾನ್ಸರ್ ಡಾಕ್ಟರೇ ತೀರ್ಮಾನ ಮಾಡ್ತಾರೆ.

ಎರಡನೆಯದು, ಚಿಕಿತ್ಸೆ ನಡೆಯೋವಾಗ. ಮೆತ್ತನೆಯ ಬ್ರಷ್, ಫ್ಲೋರೈಡ್ ಪೇಸ್ಟ್, ದಿನಕ್ಕೆ ಎರಡು ಸಲ. ಬಾಯಿ ಹುಣ್ಣಾಗಿ ಬ್ರಷ್ ಮುಟ್ಟಿಸೋಕೇ ಆಗದಿದ್ದರೆ ಒದ್ದೆ ಹತ್ತಿಬಟ್ಟೆಯಲ್ಲಿ ಮೆಲ್ಲಗೆ ಒರೆಸಿ. ಆಲ್ಕೋಹಾಲ್ ಇರೋ ಮೌತ್‌ವಾಶ್ ಬೇಡ, ಉರಿಯುತ್ತೆ. ಮಗು ಏನೂ ತಿನ್ನಲ್ಲ ಅಂತ ರಾತ್ರಿ ಬಾಟಲಿಯಲ್ಲಿ ಸಕ್ಕರೆ ಹಾಲು ಕೊಟ್ಟು ಮಲಗಿಸೋದು, ಸಿಹಿ ಸಿರಪ್ ಕುಡಿಸಿ ಹಾಗೇ ಬಿಡೋದು ಹಲ್ಲಿಗೆ ಕೆಟ್ಟದ್ದು. ಕುಡಿಸಿದ ಮೇಲೆ ಎರಡು ಗುಟುಕು ನೀರು ಕುಡಿಸಿ. ವಿನ್‌ಕ್ರಿಸ್ಟಿನ್ ತಗೊಂಡ ಕೆಲವು ಮಕ್ಕಳು ದವಡೆ ನೋವು ಅಂತ ಅಳ್ತಾರೆ, ನೋಡಿದರೆ ಹಲ್ಲೆಲ್ಲ ಚೆನ್ನಾಗಿರುತ್ತೆ. ಅದು ಔಷಧಿಯಿಂದ ನರಕ್ಕೆ ಬರೋ ನೋವು, ಸಾಮಾನ್ಯವಾಗಿ ತಾನಾಗಿ ಹೋಗುತ್ತೆ. ಹಲ್ಲು ನೋವು ಅಂದುಕೊಂಡು ಬೀದಿ ತುದಿಯ ಕ್ಲಿನಿಕ್‌ಗೆ ಓಡಿ ಕೀಳಿಸಬೇಡಿ. ಕೌಂಟ್ ನೋಡದೆ, ಕ್ಯಾನ್ಸರ್ ಡಾಕ್ಟರನ್ನು ಕೇಳದೆ ಆ ದಿನಗಳಲ್ಲಿ ಹಲ್ಲಿನ ಯಾವ ಚಿಕಿತ್ಸೆಯೂ ಬೇಡ.

ಮೂರನೆಯದು, ಚಿಕಿತ್ಸೆ ಮುಗಿದ ಮೇಲೆ. ಆರು ತಿಂಗಳಿಗೊಮ್ಮೆ ಹಲ್ಲು ತೋರಿಸಬೇಕು. ಇದು ಮಕ್ಕಳ ಕ್ಯಾನ್ಸರ್ ತಜ್ಞರ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲೇ ಇದೆ. ಎನಾಮಲ್ ತೆಳ್ಳಗಿರೋ ಹಲ್ಲಿಗೆ ಫ್ಲೋರೈಡ್ ವಾರ್ನಿಶ್ ಹಚ್ಚಬಹುದು, ಗುಳಿಗಳನ್ನು ಮುಚ್ಚಬಹುದು. ಆರು ವರ್ಷಕ್ಕೆ ಎಲ್ಲಕ್ಕಿಂತ ಹಿಂದೆ ಬರೋ ದವಡೆಹಲ್ಲನ್ನು ಬಹಳ ಜನ ಹಾಲುಹಲ್ಲು ಅಂದುಕೊಳ್ತಾರೆ. ಅದು ಶಾಶ್ವತ ಹಲ್ಲು, ಮತ್ತೆ ಬರಲ್ಲ. ಅದನ್ನು ಕಾಪಾಡೋದೇ ದೊಡ್ಡ ಗೆಲುವು.

ಶಾಶ್ವತ ಹಲ್ಲು ಬರೋಕೆ ಶುರುವಾಗೋ ವಯಸ್ಸಿನಲ್ಲಿ ಒಂದು ಓಪಿಜಿ ಎಕ್ಸ್‌ರೇ ಬೇಕಾಗಬಹುದು. ಇದು ಎರಡೂ ದವಡೆಯನ್ನು ಒಂದೇ ಚಿತ್ರದಲ್ಲಿ ತೋರಿಸುತ್ತೆ. ಯಾವ ಹಲ್ಲು ಇದೆ, ಯಾವುದು ಇಲ್ಲ, ಬೇರು ಹೇಗಿದೆ, ಎಲ್ಲ ಕಾಣುತ್ತೆ. "ಅಷ್ಟೆಲ್ಲ ರೇಡಿಯೇಷನ್ ತಗೊಂಡಿರೋ ಮಗುಗೆ ಮತ್ತೆ ಎಕ್ಸ್‌ರೇನಾ?" ಅಂತ ತಂದೆ ತಾಯಿ ಕೇಳ್ತಾರೆ. ನ್ಯಾಯವಾದ ಪ್ರಶ್ನೆ. ಓಪಿಜಿಯಲ್ಲಿ ಬೀಳೋದು, ಸುಮ್ಮನೆ ಮನೆಯಲ್ಲಿ ಇದ್ದರೂ ಕೆಲವೇ ದಿನಗಳಲ್ಲಿ ಪ್ರಕೃತಿಯಿಂದ ನಮ್ಮೆಲ್ಲರಿಗೂ ತಗಲೋವಷ್ಟು. ಚಿಕಿತ್ಸೆಗೆ ಕೊಡೋ ರೇಡಿಯೇಷನ್‌ಗೆ ಹೋಲಿಸಿದರೆ ಲೆಕ್ಕಕ್ಕೇ ಇಲ್ಲ. ಬೇಕಾದಾಗ ತೆಗೆಸಿ, ಸುಮ್ಮನೆ ಪದೇ ಪದೇ ಬೇಡ.

ಹಲ್ಲಿಗೆ ತಂತಿ ಹಾಕಿಸೋ ಬಗ್ಗೆ. ಹಾಕಿಸಬಾರದು ಅಂತೇನಿಲ್ಲ. ಚಿಕಿತ್ಸೆ ಪೂರ್ತಿ ಮುಗಿದು, ಕಾಯಿಲೆ ಮರಳದೆ ಕನಿಷ್ಠ ಎರಡು ವರ್ಷ ಆದ ಮೇಲೆ ಶುರು ಮಾಡೋದು ರೂಢಿ. ಬೇರಿನ ಉದ್ದ ನೋಡಿ, ಕಡಿಮೆ ಒತ್ತಡದಲ್ಲಿ, ಎಷ್ಟು ಬೇಕೋ ಅಷ್ಟೇ. ಎಲ್ಲ ಹಲ್ಲೂ ಸಾಲಾಗಿ ಕೂರಬೇಕು ಅನ್ನೋ ಹಟ ಇಲ್ಲಿ ಒಳ್ಳೆಯದಲ್ಲ. ಬರದೇ ಇರೋ ಹಲ್ಲಿಗೆ ಇಂಪ್ಲಾಂಟ್ ಹಾಕೋದು ಮುಖದ ಬೆಳವಣಿಗೆ ನಿಂತ ಮೇಲೆ. ಅಲ್ಲಿಯವರೆಗೆ ತೆಗೆದು ಹಾಕೋ ಹಲ್ಲಿನ ಸೆಟ್ ಇದೆ. ಗಾತ್ರ ಚಿಕ್ಕದಿರೋ ಮುಂದಿನ ಹಲ್ಲನ್ನು ಹಲ್ಲಿನ ಬಣ್ಣದ ಫಿಲ್ಲಿಂಗ್‌ನಿಂದಲೇ ದೊಡ್ಡದು ಮಾಡಬಹುದು, ಒಂದೇ ದಿನದ ಕೆಲಸ. ಬಾಯಿಗೆ ಕೈ ಅಡ್ಡ ಇಟ್ಟು ನಗುತ್ತಿದ್ದ ಎಷ್ಟೋ ಮಕ್ಕಳು ಅಷ್ಟಕ್ಕೇ ಬದಲಾಗಿದ್ದನ್ನು ನಾನು ನೋಡಿದ್ದೀನಿ.

ಖರ್ಚಿನ ವಿಷಯ. ಕ್ಯಾನ್ಸರ್ ಚಿಕಿತ್ಸೆಯಲ್ಲೇ ಸೈಟು, ಒಡವೆ ಹೋಗಿರೋ ಮನೆಗಳಿಗೆ ಹಲ್ಲಿಗೆ ಅಂತ ದುಡ್ಡು ಎಲ್ಲಿಂದ ಬರಬೇಕು? ನಮ್ಮ ರಾಜ್ಯದಲ್ಲಿ ದಂತ ವೈದ್ಯಕೀಯ ಕಾಲೇಜುಗಳು ಬಹಳ ಇವೆ. ಅಲ್ಲಿ ಮಕ್ಕಳ ಹಲ್ಲಿಗೇ ಬೇರೆ ವಿಭಾಗ ಇರುತ್ತೆ, ಪೀಡೋಡಾಂಟಿಕ್ಸ್ ಅಂತ ಕೇಳಿ. ಖಾಸಗಿ ಕ್ಲಿನಿಕ್‌ಗಿಂತ ಖರ್ಚು ಬಹಳ ಕಡಿಮೆ. ಬೆಂಗಳೂರಲ್ಲಿ ಸರ್ಕಾರಿ ದಂತ ಕಾಲೇಜೂ ಇದೆ.

ನಿಮ್ಮ ಫೋನ್ ತೆಗೀರಿ

ಕೊನೆಯದಾಗಿ, ಬಾಲ್ಯದಲ್ಲಿ ಚಿಕಿತ್ಸೆ ಆಗಿ ಈಗ ಇಪ್ಪತ್ತರ ವಯಸ್ಸಲ್ಲಿರೋರಿಗೆ. ನಿಮ್ಮ ಹಲ್ಲು ಹೀಗ್ಯಾಕಿದೆ ಅಂತ ನೀವು ಕನ್ನಡಿ ಮುಂದೆ ಎಷ್ಟೋ ಸಲ ಕೇಳಿಕೊಂಡಿರಬಹುದು. ಸರಿಯಾಗಿ ಉಜ್ಜಲಿಲ್ಲ, ಸಿಹಿ ಜಾಸ್ತಿ ತಿಂದೆ, ನನ್ನದೇ ತಪ್ಪು ಅಂತ ಅಂದುಕೊಂಡಿರಬಹುದು. ನಿಮ್ಮ ತಪ್ಪಲ್ಲ. ಹಲ್ಲು ತಯಾರಾಗೋ ದಿನಗಳಲ್ಲಿ ನೀವು ಆಸ್ಪತ್ರೆಯ ಮಂಚದ ಮೇಲಿದ್ರಿ, ನಿಮ್ಮ ಜೀವ ಉಳಿಸಿದ ಔಷಧಿಯೇ ಅಲ್ಲಿ ಗುರುತು ಬಿಟ್ಟು ಹೋಗಿದೆ.

ಇವತ್ತು ಮನೆಗೆ ಹೋದಾಗ ಅಮ್ಮನ ಹತ್ತಿರ ಆ ಹಳೇ ಫೈಲು ಕೇಳಿ. ಡಿಸ್ಚಾರ್ಜ್ ಸಮರಿ, ಯಾವ ಔಷಧಿ, ಎಷ್ಟು ಡೋಸ್, ರೇಡಿಯೇಷನ್ ಆಗಿದ್ದರೆ ಯಾವ ಜಾಗಕ್ಕೆ, ಎಷ್ಟು ಗ್ರೇ, ಯಾವ ವರ್ಷ. ಪ್ರತಿ ಹಾಳೆಯ ಫೋಟೋ ತೆಗೆದು ಪಿಡಿಎಫ್ ಮಾಡಿ ಇಟ್ಕೊಳ್ಳಿ, ನಿಮಗೇ ಒಂದು ಇಮೇಲ್ ಮಾಡ್ಕೊಳ್ಳಿ. ಫೈಲು ಕಳೆದಿದ್ದರೆ ಚಿಕಿತ್ಸೆ ಆದ ಆಸ್ಪತ್ರೆಗೆ ಹೋಗಿ ರೆಕಾರ್ಡ್ ವಿಭಾಗದಲ್ಲಿ ಕೇಳಿ. ಹಳೇ ಆಸ್ಪತ್ರೆ ನಂಬರ್ ಇರೋ ಒಂದು ಚೀಟಿ ಸಿಕ್ಕರೂ ಕೆಲಸ ಸುಲಭ.

ಮುಂದಿನ ಸಲ ಡೆಂಟಿಸ್ಟ್ ಹತ್ತಿರ ಹೋದಾಗ ಫಾರ್ಮ್‌ನಲ್ಲಿ "ಹಿಂದೆ ಯಾವುದಾದರೂ ಕಾಯಿಲೆ?" ಅಂತ ಒಂದು ಸಾಲು ಇರುತ್ತೆ. ಅಲ್ಲಿ ಇಲ್ಲ ಅಂತ ಗೀಟು ಹಾಕಬೇಡಿ. "ಚಿಕ್ಕವಳಿದ್ದಾಗ ಕ್ಯಾನ್ಸರ್‌ಗೆ ಚಿಕಿತ್ಸೆ ಆಗಿದೆ, ಪೇಪರ್ ನನ್ನ ಫೋನಲ್ಲಿದೆ" ಅಂತ ಹೇಳಿ. ಅಷ್ಟು ಸಾಕು. ಹಲ್ಲಿಗೆ ಕೈ ಹಾಕೋ ಮೊದಲು ಅವರು ಎಕ್ಸ್‌ರೇ ನೋಡ್ತಾರೆ, ಇಕ್ಕಳ ಕೆಳಗಿಟ್ಟು ಒಂದು ನಿಮಿಷ ಯೋಚನೆ ಮಾಡ್ತಾರೆ. ಆ ಒಂದು ನಿಮಿಷದಲ್ಲಿ ನಿಮ್ಮ ಹಲ್ಲು ಉಳಿಯಬಹುದು.

ನಿಮಗೆ ಗೊತ್ತಿರೋ ಯಾವುದಾದರೂ ಮನೆಗೆ ಇದು ಉಪಯೋಗ ಆಗುತ್ತೆ ಅನ್ನಿಸಿದರೆ ಈ ಮಾತನ್ನು ಅವರಿಗೂ ಕಳಿಸಿ. ಗ್ರೂಪಿಗೆ ಹಾಕಬೇಡಿ, ಅವರಿಗೆ ಮಾತ್ರ ಕಳಿಸಿ.